ಟೋನ್ ಗುಂಡಿ ಎಳೆದು ನೋಡಿದ್ದೀರಾ?

ತುಮಕೂರಿನ ಗಿಟಾರ್ ಗೆಳೆಯರೇ, ಯಮಹಾ ಪೆಸಿಫಿಕಾ 112ವಿ ಎಲೆಕ್ಟ್ರಿಕ್ ಗಿಟಾರ್ ಇರುವವರಿಗೆ ಒಂದು ಮಾತು. ಅದರಲ್ಲಿ ತಂತಿಯ ಕಂಪನ ಹಿಡಿಯುವ ಮೂರು ಪಿಕಪ್‌ಗಳಿವೆ: ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯವು), ಬ್ರಿಡ್ಜ್ (ತಂತಿ ಕೂರುವ ಕೆಳತುದಿ) ಹತ್ತಿರ ಒಂದು ಹಂಬಕರ್ (ಎರಡು ಸುರುಳಿಯದು). ಟೋನ್ ಗುಂಡಿಯನ್ನು ಮೇಲಕ್ಕೆ ಎಳೆದರೆ ಹಂಬಕರ್‌ನ ಒಂದೇ ಕಾಯಿಲ್ ಕೆಲಸ ಮಾಡುತ್ತದೆ. ದನಿ ತೆಳುವಾಗಿ, ಚುರುಕಾಗುತ್ತದೆ. ಇದು ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು, ನಗಬೇಡಿ! ಭಾವಗೀತೆಗೆ ನನಗೆ ನೆಕ್ (ಗಿಟಾರ್ ಕುತ್ತಿಗೆ) ಕಡೆಯ ಪಿಕಪ್ಪೇ ಇಷ್ಟ. ರಾಕ್‌ಗೆ ಗುಂಡಿ ಒಳಗೆ ಒತ್ತಿ, ಪೂರ್ತಿ ಹಂಬಕರ್.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನುಡಿಸುವಾಗ ಸಿಂಗಲ್ ಕಾಯಿಲ್ ಗುಂಯ್ ಅನ್ನುತ್ತದೆ ಅಲ್ವಾ? ಆಗಲೂ ಹಂಬಕರ್‌ಗೆ ಬನ್ನಿ. ಅದರ ಒಂದು ಕಾಯಿಲ್ ಹಿಡಿದ ಗದ್ದಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸುಮ್ನೆ ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ) ರಿಪೇರಿಗೆ ಓಡಬೇಡಿ. ಹಾಂ, ಬೇಸಿಗೆಯಲ್ಲಿ ಕೈ ಜಾಸ್ತಿ ಬೆವರುತ್ತದೆ, ನುಡಿಸಿದ ಮೇಲೆ ತಂತಿ ಒರೆಸಿಡಿ.