ಜಲ್ಲಿಗೆ ಸುಣ್ಣ ಕುಡಿಸಿ ಡಾಂಬರು ಹಿಡಿಸಿದ್ದು

ಕರಾವಳಿಯಲ್ಲಿ ಡಾಂಬರು ಹಾಕುವವರಿಗೆ ಈ ಗೋಳು ಗೊತ್ತೇ ಇದೆ. ಗ್ರಾನೈಟ್ ಜಲ್ಲಿ ಕಲ್ಲಾಗಿ ಗಟ್ಟಿ, ಆದರೆ ಡಾಂಬರು ಹಿಡಿಯುವುದರಲ್ಲಿ ಸೋಂಬೇರಿ. ಒಂದು ಮಳೆಗಾಲ ಕಳೆದು ಗುಂಡಿ ಕೆದಕಿದರೆ ಜಲ್ಲಿ ತೊಳೆದಿಟ್ಟ ಹಾಗಿರುತ್ತದೆ.

ಮೊದಲು ಆ್ಯಂಟಿ ಸ್ಟ್ರಿಪ್ಪಿಂಗ್ ಕೆಮಿಕಲ್, ಅಂದರೆ ಕಲ್ಲಿನಿಂದ ಡಾಂಬರು ಬಿಡದ ಹಾಗೆ ಮಾಡುವ ರಾಸಾಯನಿಕ, ಡಾಂಬರಿಗೆ ಹಾಕಿದೆ. ಲ್ಯಾಬಿನಲ್ಲಿ ಪಾಸು. ಅದೇ ಡಾಂಬರು ರಾತ್ರಿಯಿಡೀ ಟ್ಯಾಂಕಿನಲ್ಲಿ 160 ಡಿಗ್ರಿಗೆ ಕಾದ ಮೇಲೆ ಫೇಲು. ಸುಮಾರು 40 ಸಾವಿರ ಹೋಯಿತು. ಆಮೇಲೆ ಸುಣ್ಣದ ಹುಡಿಯನ್ನು ಒಣಗಿದ್ದನ್ನೇ ಜಲ್ಲಿ ಬಿಸಿ ಮಾಡುವ ಡ್ರಮ್ಮಿಗೆ ಬಿಟ್ಟೆವು. ಅರ್ಧಕ್ಕರ್ಧ ಹಾರಿ ಧೂಳು ಹಿಡಿಯುವ ಬ್ಯಾಗ್ ಫಿಲ್ಟರ್ ಸೇರಿತು.

ಕೊನೆಗೆ ಸುಣ್ಣವನ್ನು ನೀರಲ್ಲಿ ಕದಡಿ ಜಲ್ಲಿಗೇ ಹೊಡೆಸಿದೆ. ಜಲ್ಲಿಯ ತೂಕಕ್ಕೆ ಒಂದೂವರೆ ಪರ್ಸೆಂಟ್ ಸುಣ್ಣ. ಎರಡು ದಿನ ರಾಶಿ ಬಿಟ್ಟು, ಆಮೇಲೆ ಡ್ರೈಯರ್‌ಗೆ. "ಸುಣ್ಣ ಹೊಡೆಯಲಿಕ್ಕೆ ಇದೇನು ಗೋಡೆಯಾ ಮಾರಾಯ್ರೆ?" ಅಂತ ಕ್ರಷರಿನವರು ನಕ್ಕರು. ಡಾಂಬರಿನಲ್ಲಿರುವ ಆಮ್ಲದ ಅಂಶ ಗ್ರಾನೈಟಿನಲ್ಲಿರುವ ಬರೀ ಸಿಲಿಕಾಗೆ ಅಂಟಿದರೆ ನೀರು ಬಿಡಿಸುತ್ತದೆ, ಸುಣ್ಣದ ಕ್ಯಾಲ್ಸಿಯಂ ಜೊತೆ ಕೂಡಿದರೆ ಸುಲಭಕ್ಕೆ ಬಿಡುವುದಿಲ್ಲ. ಇಷ್ಟೇ ಗುಟ್ಟು. ನೀರಿನ ಅಳತೆ, ರಾಶಿ ಮಗುಚುವ ಹೊತ್ತು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ದುಡ್ಡು ಸುರಿದಿದ್ದೇನೆ!

ನೀರಲ್ಲಿ ಡಾಂಬರು ಎಷ್ಟು ಬಿಡುತ್ತದೆ ಅಂತ ನೋಡುವ ಟೆಸ್ಟ್ ಹೀಗೆ: 200 ಗ್ರಾಂ ಜಲ್ಲಿಗೆ 5 ಪರ್ಸೆಂಟ್ ಡಾಂಬರು ಹಚ್ಚಿ 40 ಡಿಗ್ರಿ ನೀರಲ್ಲಿ 24 ಗಂಟೆ ಇಡುವುದು. ಸುಣ್ಣ ಕಾಣದ ಜಲ್ಲಿಯಲ್ಲಿ ಮೊದಲು ಚೂಪಾದ ಅಂಚುಗಳಲ್ಲಿ ಡಾಂಬರು ತೆಳುವಾಯಿತು. ಆಮೇಲೆ ಹಿಂದೆ ಸರಿದು ಸಾಸಿವೆಯಷ್ಟು ಗುಂಡಾಗಿ ಕೂತಿತು, ಕಲ್ಲಿನ ಬಿಳುಪು ಕಂಡಿತು. ಸುಣ್ಣ ಕುಡಿದದ್ದು ಕಪ್ಪಾಗಿಯೇ ಇತ್ತು. ಡಾಂಬರಿನ ಹೊದಿಕೆ 95 ಪರ್ಸೆಂಟ್ ಉಳಿದರೆ ಸಾಕು, ನನ್ನದು 98ರ ಹತ್ತಿರ. ನಂಬದ ಎಂಜಿನಿಯರ್ ಸಾಹೇಬರು ಹತ್ತು ನಿಮಿಷ ಕುದಿಸಿಯೂ ನೋಡಿದರು. ಅಲ್ಲಿಗೆ ಮಾತು ನಿಂತಿತು.

ಸುಮ್ನೆ ಕುತೂಹಲಕ್ಕೆ ಶಹಾಬಾದ್ ಕಲ್ಲಿನ ಚೂರು ತರಿಸಿದೆ. ಸುಣ್ಣದ ಕಲ್ಲಲ್ವಾ, ಏನೂ ಹಾಕದೆ ಡಾಂಬರು ಹಿಡಿದುಕೊಂಡಿತು. ಆದರೆ ಲಾರಿ ಬಾಡಿಗೆ ಕೊಟ್ಟು ಅಲ್ಲಿಂದ ತರುವವರು ಯಾರು? ಊರಿನ ಚಿಪ್ಪಿನ ಸುಣ್ಣವೂ ಕೆಲಸ ಮಾಡಿತು, ಜರಡಿ ಹಿಡಿಯುವ ಕೂಲಿಯೇ ಜಾಸ್ತಿ.

ನನಗೆ ಆಗ ಬಿದ್ದ ಖರ್ಚು ಟನ್ ಜಲ್ಲಿಗೆ 150 ರೂಪಾಯಿ ಸುಣ್ಣಕ್ಕೆ. ಒದ್ದೆ ಜಲ್ಲಿ ಒಣಗಿಸಲು ಬರ್ನರ್ ಎಣ್ಣೆ ಇನ್ನೊಂದೆರಡು ಲೀಟರ್. ಕೆಮಿಕಲ್ ಇದಕ್ಕಿಂತ ಅಗ್ಗ. ಆದರೆ ತೇಪೆ ಹಾಕುವ ಗ್ಯಾಂಗನ್ನು ಕಳಿಸುವ ಖರ್ಚು ಸೇರಿಸಿ ಲೆಕ್ಕ ಹಾಕಿ ನೋಡಿ. ಸುಣ್ಣ ಕುಡಿಸಿದ ಜಲ್ಲಿ ಹಾಕಿದ ರಸ್ತೆಗೆ ಎರಡು ಮಳೆಗಾಲದಲ್ಲಿ ನಾನು ಗ್ಯಾಂಗ್ ಕಳಿಸಿಲ್ಲ.