ಸಂಕ್ರಾಂತಿಗೆ ಕತ್ತರಿ, ಯುಗಾದಿಗೆ ಮಲ್ಲಿಗೆ

ಬೆಂಗಳೂರಿನಲ್ಲಿ ವಸಂತದ ಹೂವಿಗೆ ಕೆಲಸ ಶುರುವಾಗುವುದು ಚಳಿ ಇರುವಾಗಲೇ. ಇದನ್ನು ನಾನು ಕಲಿತದ್ದು ನಮ್ಮ ಬಡಾವಣೆಯ ತೋಟದ ಗುಂಪಿನಲ್ಲಿ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸೇರುತ್ತೇವೆ, ಬೀಜ, ಕಡ್ಡಿ, ಗೆಡ್ಡೆ ಹಂಚಿಕೊಳ್ಳುತ್ತೇವೆ, ಯಾರದಾದರೂ ಗಿಡ ಸೊರಗಿದ್ದರೆ ಕುಂಡದ ಸಮೇತ ತರುತ್ತಾರೆ.

ನನ್ನ ಪಾಲಿಗೆ ಮುಖ್ಯ ಗಿಡ ದುಂಡುಮಲ್ಲಿಗೆ. ಡಿಸೆಂಬರ್ ಕೊನೆಗೆ ನೀರು ಕಡಿಮೆ ಮಾಡುತ್ತೇನೆ. ಸಂಕ್ರಾಂತಿ ಹೊತ್ತಿಗೆ ಬುಡದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಮೇಲಿನದ್ದೆಲ್ಲ ಕತ್ತರಿಸಿ, ಒಣಕಲು ರೆಂಬೆ ಪೂರ್ತಿ ತೆಗೆದು, ಉಳಿದ ಎಲೆಗಳನ್ನೂ ಕೈಯಿಂದಲೇ ಬಿಡಿಸಿಬಿಡುತ್ತೇನೆ. ಬೋಳು ಕಡ್ಡಿ ನೋಡಿದರೆ ಪಾಪ ಅನ್ನಿಸುತ್ತದೆ. "ಹೆದರ್ಬೇಡಮ್ಮ, ಮೊಗ್ಗು ಬರೋದು ಹೊಸ ಚಿಗುರಲ್ಲಿ" ಅಂತ ಗುಂಪಿನ ಹಿರಿಯರೊಬ್ಬರು ಧೈರ್ಯ ಹೇಳಿದ್ದರು. ನಿಜ, ಚಿಗುರು ಜಾಸ್ತಿ ಆದಷ್ಟೂ ಮೊಗ್ಗು ಜಾಸ್ತಿ.

ಕತ್ತರಿಸಿದ ಮೇಲೆ ಬುಡದ ಮಣ್ಣು ಸಡಿಲಿಸಿ, ಹಳೆಯ ಸಗಣಿ ಗೊಬ್ಬರ ಎರಡು ಬೊಗಸೆ, ಬೇವಿನ ಹಿಂಡಿ ಒಂದು ಹಿಡಿ ಹಾಕಿ ನೀರು ಕೊಡುತ್ತೇನೆ. ಬಿಸಿಲು ಮಾತ್ರ ದಿನಕ್ಕೆ ಐದಾರು ಗಂಟೆ ಬೇಕೇ ಬೇಕು. ನೆರಳಲ್ಲಿಟ್ಟರೆ ಎಲೆ ದಟ್ಟವಾಗಿ ಬರುತ್ತದೆ, ಹೂವು ಕಾಣೆ. ಮಾರ್ಚ್‌ನಲ್ಲಿ ಮೊಗ್ಗು ಕಂಡ ಮೇಲೆ ದಿನಾ ಒಂದು ಸಲ ಹತ್ತಿರದಿಂದ ನೋಡುತ್ತೇನೆ. ಬಿಳಿ ಮೊಗ್ಗಿನ ಒಂದು ಪಕ್ಕ ನೇರಳೆಯಾಗಿ, ಸಣ್ಣ ತೂತು ಕಂಡರೆ ಒಳಗೆ ಹುಳ ಇದೆ ಅಂತ ಅರ್ಥ. ಅಂಥ ಮೊಗ್ಗನ್ನು ಕಿತ್ತು ಹಾಕಿ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಗುಂಪಿನಿಂದ ಸಿಕ್ಕ ಇನ್ನೊಂದು ಗಿಡ ಫುಟ್‌ಬಾಲ್ ಲಿಲಿ. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿ ಕುಂಡ ಖಾಲಿ ಕಾಣುತ್ತದೆ. ಸತ್ತೇ ಹೋಯಿತು ಅಂತ ಎಸೆಯಬೇಡಿ! ಮಳೆ, ನೀರು ತಾಗದ ಕಡೆ ಸುಮ್ನೆ ಇಡಿ. ಫೆಬ್ರವರಿಯಲ್ಲಿ ನಾನು ಗೆಡ್ಡೆ ಎತ್ತಿ, ಪಕ್ಕಕ್ಕೆ ಬಂದ ಮರಿಗಳನ್ನು ಬಿಡಿಸಿ, ಗೆಡ್ಡೆಯ ಕತ್ತು ಮಣ್ಣಿನ ಮೇಲೆ ಇಣುಕುವಂತೆ ಮತ್ತೆ ನೆಡುತ್ತೇನೆ. ಏಪ್ರಿಲ್–ಮೇ ಹೊತ್ತಿಗೆ, ಒಂದೆರಡು ಬೇಸಿಗೆ ಮಳೆ ಬಿದ್ದರೆ ಸಾಕು, ಚುಕ್ಕೆಯಿರುವ ದಪ್ಪ ದಂಟಿನ ತುದಿಯಲ್ಲಿ ಕೆಂಪು ಚೆಂಡು ಅರಳುತ್ತದೆ. ಗೆಡ್ಡೆ ವಿಷ, ಮನೆಯಲ್ಲಿ ನಾಯಿ, ಬೆಕ್ಕು, ಚಿಕ್ಕ ಮಕ್ಕಳಿದ್ದರೆ ಕೈಗೆಟುಕದಂತೆ ಇಡಬೇಕು.

ನನಗೆ ಗುಂಪಿನ ಕೆಲಸಗಳಲ್ಲೆಲ್ಲ ಹೆಚ್ಚು ಇಷ್ಟ ತರಗೆಲೆ ಆರಿಸುವುದು. ನಮ್ಮೂರಲ್ಲಿ ಹೊಂಗೆ ಎಲೆ ಉದುರುವುದು ಫೆಬ್ರವರಿ–ಮಾರ್ಚ್‌ನಲ್ಲಿ, ಅದೇ ಹೊತ್ತಿಗೆ ತಬೂಬಿಯಾ ಬೀದಿ ತುಂಬಾ ಅರಳಿರುತ್ತದೆ. ಎಲ್ಲರೂ ಹೂವಿನ ಫೋಟೋ ತೆಗೆಯುತ್ತಿರುತ್ತಾರೆ, ನಾವು ಗೋಣಿಚೀಲ ಹಿಡಿದು ಎಲೆ ತುಂಬುತ್ತಿರುತ್ತೇವೆ. ರಸ್ತೆ ಬದಿಯಲ್ಲಿ ಅದಕ್ಕೆ ಬೆಂಕಿ ಹಾಕಿದರೆ ಹೊಗೆ ಬಿಟ್ಟು ಏನೂ ಸಿಗುವುದಿಲ್ಲ ಅಲ್ವಾ? ಅದೇ ಎಲೆಯನ್ನು ಅಡುಗೆಮನೆ ಹಸಿ ಕಸದ ಜೊತೆ ಪದರ ಪದರವಾಗಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ಸ್ವಲ್ಪ ಎಲೆಯನ್ನು ಹಾಗೇ ಇಟ್ಟುಕೊಂಡು ಏಪ್ರಿಲ್ ಬಿಸಿಲಿಗೆ ಕುಂಡದ ಮಣ್ಣಿನ ಮೇಲೆ ಎರಡು ಇಂಚು ಹೊದಿಸುತ್ತೇನೆ, ಮಣ್ಣು ಬೇಗ ಒಣಗುವುದಿಲ್ಲ.

ಗೆಡ್ಡೆ ಹಂಚುವವರಿಗೆ ಒಂದು ವಿನಂತಿ. ಹಳೇ ಪೇಪರಲ್ಲಿ ಸುತ್ತಿ, ಹೂವಿನ ಹೆಸರು, ಬಣ್ಣ ಬರೆದು ಕೊಡಿ. ಎಲೆ ಇಲ್ಲದ ಗೆಡ್ಡೆಗಳೆಲ್ಲ ನೋಡೋಕೆ ಈರುಳ್ಳಿ ಥರಾನೇ ಇರುತ್ತವೆ.