ಮುಂಬಯಿ ಮಕ್ಕಳಿಗೆ ಕನ್ನಡದ ಮಟ್ಟ ಪರೀಕ್ಷೆ: ನಾವು ರೂಪಿಸಿದ ಬಗೆ

ಮುಂಬಯಿ ಬಳಿಯ ಡೊಂಬಿವಲಿಯ ಭಾನುವಾರದ ಕನ್ನಡ ತರಗತಿಗೆ ಸೇರುವ ಮಕ್ಕಳನ್ನು ಕನ್ನಡದ ಮಟ್ಟ ನೋಡಿ ಮೂರು ಗುಂಪು ಮಾಡಬೇಕಿತ್ತು. ಅದಕ್ಕೆ ಕರ್ನಾಟಕದ ನಾಲ್ಕನೇ ತರಗತಿಯ ಪ್ರಶ್ನೆಪತ್ರಿಕೆ ಆಗುವುದಿಲ್ಲ. ಅದು ಪಾಠ ಓದಿದ್ದಾರೆಯೇ ಎಂದು ನೋಡುತ್ತದೆ, ಭಾಷೆ ಎಷ್ಟು ಬರುತ್ತದೆ ಎಂದಲ್ಲ. ಇಲ್ಲಿನ ಮಗುವಿಗೆ ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ, ಕಟ್ಟಡದ ಕೆಳಗೆ ಆಟಕ್ಕಿಳಿದರೆ ಹಿಂದಿ. ಹೀಗಾಗಿ ಪ್ರತಿ ಪ್ರಶ್ನೆಯನ್ನೂ ಒಂದೇ ಒರೆಗೆ ಹಚ್ಚಿದೆವು: ಇದಕ್ಕೆ ಸರಿಯುತ್ತರ ಬರೆಯಲು ಮಗುವಿಗೆ ಕನ್ನಡವೇ ಬೇಕೇ, ಬೇರೆ ಏನಾದರೂ ಸಾಕೇ?

ಈ ಒರೆಗೆ ಮೊದಲು ಬಿದ್ದದ್ದು ಪದಸಂಪತ್ತಿನ ಭಾಗ. ಕಾಳಜಿ, ಕಾದಂಬರಿ, ಅಡಚಣೆ ಮರಾಠಿಯಲ್ಲೂ ಇವೆ; ಇವುಗಳ ಅರ್ಥ ಕೇಳಿದರೆ ಮರಾಠಿ ಮಾಧ್ಯಮದ ಮಗುವಿಗೆ ಪುಕ್ಕಟೆ ಅಂಕ. 'ಶಿಕ್ಷೆ' ಇನ್ನೂ ಮೋಸದ ಪದ. ಮರಾಠಿಯಲ್ಲೂ ಕನ್ನಡದಲ್ಲೂ ಅದು ದಂಡನೆ, ಹಿಂದಿಯಲ್ಲಿ ವಿದ್ಯೆ. ಆಯ್ಕೆಗಳಲ್ಲಿ 'ವಿದ್ಯೆ' ಎಂದು ಇಟ್ಟರೆ ಮಗುವಿನ ಮೇಲೆ ಮರಾಠಿಯ ಪ್ರಭಾವ ಹೆಚ್ಚೋ ಹಿಂದಿಯದೋ ಎಂದು ಗೊತ್ತಾಗುತ್ತದೆ, ಕನ್ನಡ ಎಷ್ಟೆಂದು ಗೊತ್ತಾಗುವುದಿಲ್ಲ. ಇಂಥ ಪದಗಳನ್ನು ತೆಗೆದು ಅಕ್ಕರೆ, ಒರಟು, ಹಗುರ, ನೆರಳು ಮೊದಲಾದವನ್ನು ಹಾಕಿದೆವು. ಊರಿನ ತೊಡಕು ಬೇರೆ. ಕಸ ಗುಡಿಸುವ ಸಾಧನಕ್ಕೆ ಮೈಸೂರು ಕಡೆ ಪೊರಕೆ, ಕರಾವಳಿಯಲ್ಲಿ ಹಿಡಿಸೂಡಿ, ಉತ್ತರ ಕರ್ನಾಟಕದಲ್ಲಿ ಕಸಬರಿಗೆ. ಮೌಖಿಕದಲ್ಲಿ ಚಿತ್ರ ತೋರಿಸಿ ಕೇಳಿದಾಗ ಮೂರನ್ನೂ ಒಪ್ಪಬಹುದು. ಬಹು ಆಯ್ಕೆಯಲ್ಲಿ ಮಾತ್ರ ಅಂಥ ಪದ ಬೇಡವೇ ಬೇಡ.

ಆಲಿಸುವ ಭಾಗದಲ್ಲಿ ಬೆಳೆ–ಬೇಳೆ, ಒಲೆ–ಓಲೆ, ಕೊಡು–ಕೋಡು ಜೋಡಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ದೇವನಾಗರಿಯಲ್ಲಿ ಮರಾಠಿ ಬರೆಯುವಾಗ ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘ ಭೇದವಿಲ್ಲ. ಕನ್ನಡ ಕೇಳುತ್ತ ಬೆಳೆದ ಮಗುವಿಗೆ ಅದು ಕಿವಿಯಲ್ಲೇ ಇರುತ್ತದೆ. ಉತ್ತರ ಚಿತ್ರದಲ್ಲಿ ಗುರುತಿಸುವಂತಿರಲಿ. ಇಲ್ಲವಾದರೆ ಲಿಪಿ ಬಾರದ ಮಗು ಕಿವಿ ಚುರುಕಾಗಿದ್ದರೂ ಸೋಲುತ್ತದೆ.

ಹೆಚ್ಚು ಶ್ರಮ ಬೇಡಿದ್ದು ಸಿ-ಟೆಸ್ಟ್. 1981ರಲ್ಲಿ ರಾಟ್ಸ್ ಮತ್ತು ಕ್ಲೈನ್-ಬ್ರೇಲಿ ಜರ್ಮನಿಯಲ್ಲಿ ರೂಪಿಸಿದ ವಿಧಾನ ಇದು. ಮೊದಲ ವಾಕ್ಯವನ್ನು ಹಾಗೇ ಬಿಟ್ಟು, ಆಮೇಲೆ ಎರಡು ಪದಕ್ಕೊಂದರಂತೆ ಪದದ ಹಿಂದಿನ ಅರ್ಧವನ್ನು ಅಳಿಸುವುದು. ಕನ್ನಡದಲ್ಲಿ ಹಿಂದಿನ ಅರ್ಧ ಎಂದರೆ ಬಹುಮಟ್ಟಿಗೆ ಪ್ರತ್ಯಯ, ಆದ್ದರಿಂದ ವಿಭಕ್ತಿಯೂ ಕ್ರಿಯಾಪದದ ರೂಪವೂ ತಾನಾಗಿ ಪರೀಕ್ಷೆಗೆ ಒಳಗಾಗುತ್ತವೆ. ಆದರೆ ಎಣಿಸಬೇಕಾದ್ದು ಅಕ್ಷರವನ್ನು. ಸ್ಪ್ರೆಡ್‌ಶೀಟಿಗೆ ಬಿಟ್ಟರೆ 'ಲ್ಲಿ' ಎಂಬ ಒಂದು ಅಕ್ಷರವನ್ನು ಅದು ನಾಲ್ಕಾಗಿ ಎಣಿಸಿ (ಲ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಲ, ಗುಡಿಸು) ಒತ್ತಿನ ನಡುವೆಯೇ ಕತ್ತರಿಸುತ್ತದೆ. 'ಮನೆಯಲ್ಲಿ' ಎಂದರೆ ಮ-ನೆ-ಯ-ಲ್ಲಿ, ನಾಲ್ಕು ಅಕ್ಷರ, 'ಮನೆ' ಉಳಿಯುತ್ತದೆ. ಬೆಸ ಸಂಖ್ಯೆಯಾದರೆ ದೊಡ್ಡ ಭಾಗವನ್ನು ಅಳಿಸಬೇಕು ಎಂಬುದು ಮೂಲ ನಿಯಮ. ಅದರಂತೆ 'ಮನೆಗೆ' ಬರೀ 'ಮ' ಆಗುತ್ತದೆ, ಯಾರಿಗೂ ಊಹಿಸಲಾಗುವುದಿಲ್ಲ. ಮೂರಕ್ಷರದ ಪದಗಳಲ್ಲಿ ಕೊನೆಯದೊಂದನ್ನೇ ಅಳಿಸಿದೆವು. 'ಹೋಗಿ' ಉಳಿಸಿ ಎರಡು ಅಕ್ಷರ ಬಿಟ್ಟರೆ ಹೋಗಿದ್ದಳು, ಹೋಗಿದ್ದಾಳೆ, ಹೋಗಿರುವ, ಎಲ್ಲವೂ ಕೂರುತ್ತವೆ. 'ನಾವು ತಲುಪುವಷ್ಟರಲ್ಲಿ ತಂಗಿ' ಎಂದು ಹಿಂದೆ ಬಂದಿದ್ದರೆ ಮಾತ್ರ ಉತ್ತರ ಒಂದಕ್ಕೆ ನಿಲ್ಲುತ್ತದೆ. ಪ್ರತಿ ಗದ್ಯಭಾಗವನ್ನೂ ಮೊದಲು ಕನ್ನಡ ಚೆನ್ನಾಗಿ ಬಲ್ಲ ಐದು ಮಂದಿ ದೊಡ್ಡವರಿಗೆ ಕೊಡಿ. ಅವರಲ್ಲಿ ಒಬ್ಬರು ತಡವರಿಸಿದರೂ ಆ ಖಾಲಿ ಜಾಗ ಕೆಟ್ಟದ್ದೇ. ವಿಜಯಪುರದ ಮನೆಯ ಮಗು 'ಮನೆಯಾಗ' ಎಂದು ತುಂಬಿದರೆ ಪೂರ್ಣ ಅಂಕ. ಇದನ್ನು ಉತ್ತರಸೂಚಿಯಲ್ಲಿ ಮೊದಲೇ ಬರೆದಿಡಬೇಕು, ತಿದ್ದುವವರ ಔದಾರ್ಯಕ್ಕೆ ಬಿಡಬಾರದು.

ಪ್ರಶ್ನೆಗಳನ್ನು ಮೊದಲು ಮಕ್ಕಳಿಗೆ ಕೊಟ್ಟು ಒರೆಹಚ್ಚುವ ಪ್ರಯೋಗದ ಲೆಕ್ಕ ಕಷ್ಟವಲ್ಲ. 60 ಮಕ್ಕಳಿದ್ದರೆ ಒಟ್ಟು ಅಂಕದ ಕ್ರಮದಲ್ಲಿ ಜೋಡಿಸಿ ಮೇಲಿನ 27% ಮತ್ತು ಕೆಳಗಿನ 27%, ಅಂದರೆ 16–16 ಉತ್ತರಪತ್ರಿಕೆ ತೆಗೆದುಕೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 14, ಕೆಳಗಿನವರಲ್ಲಿ 5 ಮಂದಿ ಸರಿಯುತ್ತರ ಬರೆದಿದ್ದರೆ ಅದರ ಭೇದಕ ಶಕ್ತಿ, ಎಂದರೆ ಚೆನ್ನಾಗಿ ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುವ ಶಕ್ತಿ, (14−5)÷16, ಅಂದರೆ 0.56, ಬಹಳ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆಯಾದರೆ ಪ್ರಶ್ನೆಯನ್ನು ಮತ್ತೆ ಓದಬೇಕು, ಋಣಾತ್ಮಕವಾದರೆ ಮೊದಲು ಉತ್ತರಸೂಚಿಯನ್ನೇ ನೋಡಬೇಕು. ಬಿಡಿ ಪ್ರಶ್ನೆಗಳ ವಿಶ್ವಸನೀಯತೆಗೆ, ಎಂದರೆ ಅಂಕ ಎಷ್ಟು ನಂಬುವಂತಿದೆ ಎಂದು ತಿಳಿಯಲು, ಸರಿ-ತಪ್ಪು ಉತ್ತರಗಳ ಮೇಲೆ ಲೆಕ್ಕ ಹಾಕುವ ಕೆಆರ್-20 ಸೂತ್ರ ಸಾಕು. ಸಿ-ಟೆಸ್ಟಿಗೆ ಅದನ್ನು ಹಚ್ಚಬೇಡಿ. ಒಂದೇ ಗದ್ಯದ ಖಾಲಿ ಜಾಗಗಳು ಒಂದನ್ನೊಂದು ಅವಲಂಬಿಸುವುದರಿಂದ ಅಂಕೆ ಸುಮ್ಮನೆ ಉಬ್ಬುತ್ತದೆ. ಇಡೀ ಗದ್ಯವನ್ನು ಒಂದು ಪ್ರಶ್ನೆಯೆಂದು ಹಿಡಿದು ಕ್ರಾನ್‌ಬಾಕ್ ಆಲ್ಫಾ ಎಂಬ ವಿಶ್ವಸನೀಯತೆಯ ಅಂಕೆ ತೆಗೆಯಬೇಕು.

ಮೌಖಿಕ ಐದು ನಿಮಿಷದ್ದು, ಮೊಬೈಲಿನಲ್ಲಿ ಧ್ವನಿ ಹಿಡಿದು ಇಬ್ಬರು ಬೇರೆಬೇರೆ ಕೂತು 0ಯಿಂದ 4ರವರೆಗೆ ಅಂಕ ಹಾಕುವುದು. ಎರಡು ಅಂಕದ ಅಂತರ ಬಂದರೆ ಮೂರನೆಯವರು ಕೇಳುವುದು. ಗೌರವದ ಬಹುವಚನ ಬರುತ್ತದೆಯೇ ಎಂದು ನೋಡಲು ಅಜ್ಜಿಯೊಡನೆ ಮಾತಾಡಿಸಬೇಡಿ. ಎಷ್ಟೋ ಮನೆಗಳಲ್ಲಿ ಅಜ್ಜಿಗೆ 'ನೀನು' ಎನ್ನುವುದೇ ಪ್ರೀತಿ. ಮುಖ್ಯೋಪಾಧ್ಯಾಯರ ಹತ್ತಿರ ರಜೆ ಕೇಳಲು ಹೇಳಿ. 'ಕಿಡಕಿ' ಎಂದ ಕೂಡಲೇ ಮರಾಠಿ ಬೆರೆಸಿದ ಎಂದು ಅಂಕ ಕಳೆಯುವುದೂ ತಪ್ಪು, ಧಾರವಾಡ ಕಡೆ ಅದು ಕನ್ನಡವೇ.

ಸಿಂಧುತ್ವಕ್ಕೆ, ಎಂದರೆ ಪರೀಕ್ಷೆ ಅಳೆಯಬೇಕಾದ್ದನ್ನೇ ಅಳೆಯುತ್ತದೆ ಎಂಬುದಕ್ಕೆ, ನಮ್ಮ ಮೊದಲ ಪುರಾವೆ ಕರ್ನಾಟಕದ ಕನ್ನಡ ಮಾಧ್ಯಮದಿಂದ ಹೊಸದಾಗಿ ಇಲ್ಲಿಗೆ ಬಂದ ಅದೇ ವಯಸ್ಸಿನ ಮಕ್ಕಳು. ಅವರೇ ಸೋಲುವ ಪ್ರಶ್ನೆಯಲ್ಲಿ ದೋಷವಿರುವುದು ಪ್ರಶ್ನೆಯದ್ದೇ. ಆಮೇಲೆ ಅಂಕಗಳನ್ನು ನೋಡದ ಶಿಕ್ಷಕರಿಂದ ಕನ್ನಡ ಹೆಚ್ಚು ಬಲ್ಲವರಿಂದ ಕಡಿಮೆ ಬಲ್ಲವರ ಕ್ರಮದಲ್ಲಿ ಮಕ್ಕಳ ಪಟ್ಟಿ ಬರೆಸಿ ಪರೀಕ್ಷೆಯ ಕ್ರಮದೊಡನೆ ಹೋಲಿಸಿದೆವು. ಗುಂಪು ಬೇರ್ಪಡಿಸುವ ಗೆರೆಗೆ ಆಂಗೊಫ್ ವಿಧಾನ: ಮಟ್ಟದ ಹೊಸ್ತಿಲಲ್ಲಿ ನಿಂತ 100 ಮಕ್ಕಳಲ್ಲಿ ಎಷ್ಟು ಮಂದಿ ಇದಕ್ಕೆ ಸರಿಯುತ್ತರ ಕೊಟ್ಟಾರು ಎಂದು ಪ್ರತಿ ಪ್ರಶ್ನೆಗೂ ಐದು ಶಿಕ್ಷಕರು ಅಂದಾಜಿಸಿ, ಸರಾಸರಿಗಳನ್ನು ಕೂಡಿಸಿ 100ರಿಂದ ಭಾಗಿಸುವುದು. ಆ ಗೆರೆಯನ್ನು ಕತ್ತಿಯ ಅಲಗಿನಂತೆ ಬಳಸಬೇಡಿ. ಅಂಕಗಳ ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕಗಳು ಹರಡಿರುವ ಪ್ರಮಾಣ) 6, ವಿಶ್ವಸನೀಯತೆ 0.84 ಇದ್ದರೆ ಮಾಪನ ದೋಷ 6×√(1−0.84), ಎಂದರೆ 6×0.4, ಅಂದರೆ 2.4 ಅಂಕ. ಗೆರೆ 24ರಲ್ಲಿದ್ದರೆ 22ರಿಂದ 26ರವರೆಗಿನ ಮಗುವನ್ನು ಅಂಕ ನೋಡಿ ಗುಂಪಿಗೆ ಹಾಕುವುದಿಲ್ಲ. ಅದರ ಮೌಖಿಕದ ಧ್ವನಿಮುದ್ರಣವನ್ನು ಇನ್ನೊಮ್ಮೆ ಕೇಳಿ, ತಂದೆತಾಯಿಯನ್ನೂ ಕೂರಿಸಿಕೊಂಡು ನಿರ್ಧರಿಸುತ್ತೇವೆ.